ಹುರಿಯ ಇನ್ನೊಂದು ತುದಿ

ಅವನನ್ನು ಎಲ್ಲರೂ ಏಡಿ ಎಂದೇ ಕರೆಯುತ್ತಿದ್ದರು. ಹಗ್ಗದ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಹಿಂದೆ ಹಿಂದೆ ನಡೆಯುವುದೇ ಅವನ ಕೆಲಸ. ಸೊಂಟಕ್ಕೆ ನಾರಿನ ಹೊರೆ ಸುತ್ತಿಕೊಂಡು, ಅದರ ತುದಿಯನ್ನು ರಾಟೆಯ ಕೊಕ್ಕೆಗೆ ಸಿಕ್ಕಿಸಿ, ಬೆರಳ ಸಂದಿನಿಂದ ನಾರು ಬಿಡುತ್ತ ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡಬೇಕು. ಅತ್ತ ರಾಟೆ ತಿರುಗಿದಂತೆ ಇತ್ತ ಎದೆಯ ಮುಂದೆ ಹುರಿ ಹುಟ್ಟುತ್ತ ಹೋಗುತ್ತದೆ. ಇನ್ನೂರು ಹೆಜ್ಜೆ ಉದ್ದದ ತಗಡಿನ ಸೂರು ಅದು. ಕಿಂಡಿಗಳಿಂದ ಇಳಿಯುವ ಬಿಸಿಲಿನಲ್ಲಿ ನಾರಿನ ಧೂಳು ಮೇಲೂ ಏಳದೆ ಕೆಳಗೂ ಬೀಳದೆ ತೇಲುತ್ತಿರುತ್ತಿತ್ತು. ಅದರೊಳಗೆ ಆರು ಜನ ಗಂಡಸರು ಸಾಲಾಗಿ ಹಿಂದಕ್ಕೆ ಸರಿಯುವುದನ್ನು ಕಂಡರೆ ನಿದ್ದೆಯಲ್ಲಿ ನಡೆಯುತ್ತಿದ್ದಾರೇನೋ ಅನ್ನಿಸಬೇಕು.

"ಏಡಿ ಅಡ್ಡಡ್ಡ ನಡೆಯುತ್ತೆ. ನಾನು ನೆಟ್ಟಗೆ ಹಿಂದಕ್ಕೆ ನಡೀತೀನಿ. ಅಡ್ಡಹೆಸರು ಇಡೋಕೂ ಒಂಚೂರು ಬುದ್ಧಿ ಬೇಕು ಕಣ್ರಯ್ಯ," ಎಂದು ಅವನು ಅನ್ನುವುದಿತ್ತು. ಹೆಸರು ಮಾತ್ರ ಅಂಟಿದ್ದು ಅಂಟಿಯೇ ಉಳಿಯಿತು.

ಅವನ ರಾಟೆ ತಿರುಗಿಸುತ್ತಿದ್ದವಳು ಅವನ ಸ್ವಂತ ಅಕ್ಕ. ಬೆಳಿಗ್ಗೆ ಇಬ್ಬರೂ ಮೂಗಿಗೆ ಮೂಗು ತಾಗುವಷ್ಟು ಹತ್ತಿರದಿಂದ ಶುರುಮಾಡುತ್ತಿದ್ದರು. ಹತ್ತು ಹೆಜ್ಜೆಯವರೆಗೆ ಮಾತು. ಐವತ್ತಕ್ಕೆ ಕೂಗು. ನೂರು ದಾಟಿದರೆ ಆರು ರಾಟೆಗಳ ಗಿರಗಿರ ಸದ್ದಿನಲ್ಲಿ ಕೂಗೂ ಮುಳುಗುತ್ತಿತ್ತು. ಅಲ್ಲಿಂದ ಮುಂದೆ ಮಾತಾಡುವುದು ಹುರಿಯೇ. ಒಂದು ಸಲ ಜಗ್ಗಿದರೆ ಶುರುಮಾಡು ಇಲ್ಲವೇ ಬೇಗ, ಎರಡು ಸಲ ಜಗ್ಗಿದರೆ ನಿಧಾನ, ಮೂರು ಸಲ ಅಂದರೆ ನಿಲ್ಲಿಸು. ಇದು ಆ ಸೂರಿನಡಿ ಎಲ್ಲರಿಗೂ ಗೊತ್ತಿದ್ದ ಭಾಷೆ. ಅಕ್ಕತಮ್ಮಂದಿರಲ್ಲಿ ಇನ್ನೂ ನಾಲ್ಕು ಮಾತು ಹೆಚ್ಚಿಗೆ ಇದ್ದವು. ಒಂದು ಉದ್ದ, ಎರಡು ಗಿಡ್ಡ ಜಗ್ಗಿದರೆ, 'ಹೊಟ್ಟೆಗೆ ಏನಾದ್ರೂ ಹಾಕ್ಕೊಂಡ್ಯಾ?' ಅಂತ. ಅವಳು ಹುರಿಯನ್ನು ಒಮ್ಮೆ ಚಿವುಟಿ ಬಿಟ್ಟರೆ 'ಹೂಂ' ಅಂತ.

ಮಗಳಿಗೆ ಜ್ವರ ಬಂದಿದ್ದ ಒಂದು ದಿನ ಅವನು ಯಾರಿಗೂ ಹೇಳದೆ ಕೆಲಸಕ್ಕೆ ಬಂದಿದ್ದ. ಅರ್ಧ ದಾರಿಯಲ್ಲಿ ರಾಟೆ ತಾನಾಗಿ ನಿಂತಿತು. ಅಕ್ಕ ಇನ್ನೊಂದು ತುದಿಯಿಂದ ನಡೆದು ಬಂದು, "ಮನೆಗೆ ಹೋಗೋ. ಹುರಿ ಅಳ್ತಾ ಇದೆ," ಎಂದಿದ್ದಳು.

ಮಳೆಗಾಲ ಕಳೆದ ಮೇಲೆ ಹೊಸ ಮ್ಯಾನೇಜರು ಬಂದರು. ಒಳ್ಳೆಯ ಮನುಷ್ಯ, ಸುಳ್ಳು ಹೇಳಬಾರದು. ಸೋರುತ್ತಿದ್ದ ತಗಡು ಬದಲಿಸಿದರು, ಕುಡಿಯುವ ನೀರಿಗೆ ನಲ್ಲಿ ಹಾಕಿಸಿದರು. ಬೆಳಗಿನಿಂದ ಸಂಜೆಯವರೆಗೆ ರಾಟೆ ತಿರುಗಿಸುವ ಹೆಂಗಸರ ತೋಳು ನೋಡಿ ಮರುಗಿದರು. ಒಂದು ಸೋಮವಾರ ಆರು ರಾಟೆಗಳ ಜಾಗದಲ್ಲಿ ಆರು ಮೋಟಾರು ಕೂತಿದ್ದವು, ಆರಕ್ಕೂ ಸ್ವಿಚ್ಚು ಹಾಕಿ ತೆಗೆಯಲು ಒಬ್ಬ ಹುಡುಗ. ಹೆಂಗಸರಿಗೆ ಪಕ್ಕದ ಕೋಣೆಯಲ್ಲಿ ಹಗ್ಗದ ಸುರುಳಿ ಕಟ್ಟುವ ಕೆಲಸ. ಕುರ್ಚಿ, ಫ್ಯಾನು ಎಲ್ಲ ಇತ್ತು. ಅಕ್ಕ ಕೂರುತ್ತಿದ್ದ ಕಡೆಯ ಗೋಡೆಗೆ ತೇರಿನ ಗಾಲಿಯಷ್ಟು ದೊಡ್ಡ ಗಡಿಯಾರ ಬಂತು.

ಹಿಂದಕ್ಕೆ ನಡೆಯುವವನ ಮುಖ ಯಾವತ್ತೂ ತಾನು ಬಿಟ್ಟುಬಂದ ಕಡೆಗೇ ಇರುತ್ತದೆ. ಹತ್ತೊಂಬತ್ತು ವರ್ಷ ಅಕ್ಕನ ಮುಖ ಚಿಕ್ಕದಾಗುತ್ತಾ ಆಗುತ್ತಾ ಒಂದು ಸಾಸಿವೆಯಷ್ಟಾಗುವುದನ್ನು ಅವನು ನೋಡಿದ್ದ. ಈಗ ಗಡಿಯಾರ. ಅದು ಚಿಕ್ಕದಾಗುತ್ತಿತ್ತು, ಹೊತ್ತು ಮಾತ್ರ ಚಿಕ್ಕದಾಗುತ್ತಿರಲಿಲ್ಲ.

ಮೋಟಾರಿಗೆ ಒಂದೇ ವೇಗ. ನಾರು ಒರಟಾಗಿದ್ದರೂ ಅದೇ, ನುಣುಪಾಗಿದ್ದರೂ ಅದೇ. ಎತ್ತು ಏರಿಗೆ, ಕೋಣ ನೀರಿಗೆ. ಮೂರನೆಯ ದಿನ ಅವನ ನಾರಿನಲ್ಲಿ ಗಂಟು ಸಿಕ್ಕಿತು. ಕೈ ತಾನಾಗಿ ಮೂರು ಸಲ ಜಗ್ಗಿತು. ಅವನು ನಿಂತುಬಿಟ್ಟ. ಹತ್ತೊಂಬತ್ತು ವರ್ಷದಲ್ಲಿ ಮೂರು ಸಲ ಜಗ್ಗಿದ ಮೇಲೂ ತಿರುಗುವ ರಾಟೆಯನ್ನು ಅವನು ಕಂಡಿರಲಿಲ್ಲ. ಮೋಟಾರು ತಿರುಗುತ್ತಲೇ ಇತ್ತು. ಹುರಿ ಹಾವಿನ ಹಾಗೆ ಸುರುಳಿ ಸುರುಳಿಯಾಗಿ ಎದ್ದು ಅವನ ಅಂಗೈ ತರಚಿ ನೆಲಕ್ಕೆ ಬಿತ್ತು.

"ಸ್ವಿಚ್ಚಿನ ಹುಡುಗನ್ನ ಕೂಗೋದಲ್ವೇನಯ್ಯ?" ಎಂದ ಪಕ್ಕದ ಸಾಲಿನ ಹುರಿಯವ.

"ಮರೆತೆ," ಎಂದ ಏಡಿ.

ಆಮೇಲೆ ಅವನು ಮರೆಯಲಿಲ್ಲ, ಜಗ್ಗಲೂ ಇಲ್ಲ. ಯಾರೂ ಜಗ್ಗುತ್ತಿರಲಿಲ್ಲ. ಹಿಂದೆ ಎರಡು ಸಾಲಿನ ನಡುವೆ ಹಾರಾಡುತ್ತಿದ್ದ ಕುಚೋದ್ಯ ನಿಂತಿತು. ಆರು ಜನರೂ ಗಡಿಯಾರ ನೋಡುತ್ತ ಹಿಂದಕ್ಕೆ ಹೋಗುವರು, ತಲೆ ತಗ್ಗಿಸಿ ಮುಂದಕ್ಕೆ ಬರುವರು. ಹುರಿಯಲ್ಲಿ ಅಳತೆ ತಪ್ಪಿರಲಿಲ್ಲ. ಆದರೆ ಏಡಿಗೆ ಕೈಯಲ್ಲಿ ಹಿಡಿದಾಗ ಅದು ಮಲಗಿದವರ ಕೈ ಹಿಡಿದಂತೆ ಇರುತ್ತಿತ್ತು.

ಮಧ್ಯಾಹ್ನ ಬಾವಿಕಟ್ಟೆಯ ಹತ್ತಿರ ಅಕ್ಕ ಸಿಗುತ್ತಿದ್ದಳು.

"ಹೇಗಿದೆಯಕ್ಕ ಕುರ್ಚಿ?"

"ಕುರ್ಚಿಗೇನು, ಮಹಾರಾಣಿ ಥರ ಇದ್ದೀನಿ. ಬೆನ್ನು ಸುಖವಾಗಿದೆ. ಕೈ ಮಾತ್ರ ಯಾಕೋ ಕಿವುಡಾದ ಹಾಗಾಗಿದೆ."

ಮನೆಯಲ್ಲಿ ಹೆಂಡತಿಗೆ ಬೇರೆ ಯೋಚನೆ. ಅವಳ ಅಣ್ಣ ಇಟ್ಟಿಗೆ ಗೂಡಿನಲ್ಲಿ ಕಾವಲು ಕೆಲಸ ಹಿಡಿದಿಟ್ಟಿದ್ದ. ಭಾನುವಾರದೊಳಗೆ ಹೂಂ ಅನ್ನಬೇಕು, ಇಲ್ಲವಾದರೆ ಬೇರೆಯವರಿಗೆ.

"ಕೂತ್ಕೊಂಡು ಮಾಡೋ ಕೆಲಸ ಕಣ್ರೀ. ಮುಂದೆ ನೋಡ್ಕೊಂಡು ನಡೆಯೋದಾದ್ರೂ ಕಲೀತೀರ. ಮೊನ್ನೆ ಹಿತ್ತಲಿಗೂ ಹಿಂದಕ್ಕೇ ಹೋಗಿ ಬಿಂದಿಗೆ ಒಡೆದ್ರಿ."

"ನನಗೆ ಈ ಕೆಲಸ ಇಷ್ಟ."

"ಇಷ್ಟ ಇದ್ದೋರ ಮುಖ ಹೀಗಿರುತ್ತಾ? ಕನ್ನಡಿ ನೋಡ್ಕೊಳ್ಳಿ. ಬೆಳಿಗ್ಗೆ ನಿಮ್ಮನ್ನ ಎಬ್ಬಿಸೋಕೆ ನನಗೆ ಸಾಕುಸಾಕಾಗುತ್ತೆ."

ಅದು ನಿಜವಾಗಿತ್ತು. ಎದ್ದೇಳಲು ಮನಸ್ಸಾಗದಂತೆ ಒಂದು ಕನಸು ಅವನನ್ನು ಹಿಡಿದಿಟ್ಟುಕೊಳ್ಳುತ್ತಿತ್ತು. ಕನಸಿನಲ್ಲಿ ಇನ್ನೂರು ಹೆಜ್ಜೆ ಮುಗಿದರೂ ಅವನು ನಿಲ್ಲುತ್ತಿರಲಿಲ್ಲ. ಬಾಗಿಲು ದಾಟಿ, ರಾಗಿ ಹೊಲ ದಾಟಿ, ಕೆರೆಯ ನೀರಿನ ಮೇಲೆ ಕಾಲು ನೆನೆಯದೆ ಹಿಂದಕ್ಕೆ ಹಿಂದಕ್ಕೆ. ಹುರಿ ಬೆಳೆಯುತ್ತಲೇ ಇರುತ್ತಿತ್ತು. ಅದರ ಮೇಲೆ ಹಕ್ಕಿಗಳು ಸಾಲಾಗಿ ಕೂರುತ್ತಿದ್ದವು. ಅವನು ಒಂದು ಉದ್ದ, ಎರಡು ಗಿಡ್ಡ ಜಗ್ಗಿ ಕಾಯುತ್ತಿದ್ದ. ಉತ್ತರ ಇನ್ನೇನು ಬರಬೇಕು, ಹುರಿ ಬೆಚ್ಚಗಾಗುತ್ತಿದೆ ಅನ್ನುವಾಗ ಹೆಂಡತಿ ಎಬ್ಬಿಸುತ್ತಿದ್ದಳು.

ಶನಿವಾರ ಅವನು ಮ್ಯಾನೇಜರ ಕೋಣೆಗೆ ಹೋಗಿ, "ಸಾರ್, ಸೋಮವಾರದಿಂದ ಬರೋದಿಲ್ಲ," ಎಂದ.

ಮ್ಯಾನೇಜರು ಪೆನ್ನು ಕೆಳಗಿಟ್ಟರು. "ಬಿಡ್ತೀನಿ ಅನ್ನೋರಲ್ಲಿ ನೀನು ಮೂರನೆಯವನು. ಏನು ಕಡಿಮೆ ಮಾಡಿದ್ದೀನಿ ಹೇಳು. ನೀರು ಬಂತು, ಸೂರು ಬಂತು. ಕಷ್ಟ ಕಡಿಮೆ ಆಯ್ತು. ಆದರೂ ಎಲ್ಲರ ಮುಖ ಸೂತಕದ ಮನೆಯ ಹಾಗಿದೆ."

ಏಡಿ ಬಾಗಿಲ ಕಡೆ ತಿರುಗಿ, "ಒಂದು ನಿಮಿಷ ಹೊರಗೆ ಬರ್ತೀರಾ?" ಎಂದ.

ಊಟದ ಬಿಡುವು. ಮೋಟಾರುಗಳು ನಿಂತಿದ್ದವು. ಅವನು ಅರ್ಧ ಹೊಸೆದಿದ್ದ ಹುರಿಯನ್ನು ಕೊಕ್ಕೆಯ ಹತ್ತಿರ ಅವರ ಎರಡು ಬೆರಳ ಮೇಲೆ ಇಟ್ಟ. "ಬಿಗಿಯಾಗಿ ಹಿಡೀಬೇಡಿ. ಮಗು ಕೈ ಹಿಡಿದ ಹಾಗೆ." ಆಮೇಲೆ ಹುರಿಯನ್ನು ಕೈಯಲ್ಲಿ ಜಾರಿಸುತ್ತ ಇನ್ನೊಂದು ತುದಿಯವರೆಗೆ ಹಿಂದಕ್ಕೆ ನಡೆದ. ಬಿಸಿಲು, ನೆರಳು, ಬಿಸಿಲು, ನೆರಳು. ಮ್ಯಾನೇಜರ ಮುಖ ಸಾಸಿವೆಯಷ್ಟಾಯಿತು. ಅವನು ಒಂದು ಉದ್ದ, ಎರಡು ಗಿಡ್ಡ ಜಗ್ಗಿದ. ಕಾದ. ಮತ್ತೆ ಮುಂದಕ್ಕೆ ನಡೆದು ಬಂದ.

ಮ್ಯಾನೇಜರು ಬೆರಳು ನೋಡಿಕೊಳ್ಳುತ್ತಿದ್ದರು. "ಯಾರೋ ನಿದ್ದೆಯಿಂದ ಎಬ್ಬಿಸಿದ ಹಾಗಾಯ್ತು. ಏನದು?"

"ಊಟ ಆಯ್ತಾ ಅಂತ ಕೇಳಿದೆ. ನೀವು ಉತ್ತರ ಕೊಡಲಿಲ್ಲ."

"ನನಗೆ ಗೊತ್ತಾಗಲಿಲ್ಲವಲ್ಲಪ್ಪ."

"ಮೋಟಾರಿಗೂ ಗೊತ್ತಾಗಲ್ಲ ಸಾರ್. ಅಷ್ಟೇ."

ಮ್ಯಾನೇಜರು ಹುರಿಯನ್ನು ಬಿಡಲಿಲ್ಲ. "ಮೋಟಾರು ತೆಗೆಯೋಕೆ ಆಗಲ್ಲ," ಎಂದರು.

"ತೆಗೀರಿ ಅಂತ ನಾನು ಹೇಳಲಿಲ್ಲ."

"ಸೋಮವಾರ ಒಂದು ದಿನ ಬಂದು ನೋಡು. ಆಮೇಲೆ ನಿನ್ನಿಷ್ಟ."

ಭಾನುವಾರ ಭಾವಮೈದುನ ಬಂದ. ಏಡಿ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ; ನಾಳೆ ಸಂಜೆ ಹೇಳ್ತೀನಿ ಎಂದ. "ನಿನ್ನ ನಾಳೆಗೆ ಗೂಡು ಕಾಯಲ್ಲ ಭಾವ," ಎಂದು ಅವನು ಸಿಟ್ಟಿನಿಂದ ಎದ್ದುಹೋದ. ಹೆಂಡತಿ ಪಾತ್ರೆ ಕುಕ್ಕಿದಳು.

ಸೋಮವಾರ ಮೋಟಾರುಗಳು ಇದ್ದಲ್ಲೇ ಇದ್ದವು. ಪ್ರತಿಯೊಂದರ ಪಕ್ಕ ಒಂದು ಸ್ಟೂಲು, ಸ್ಟೂಲಿನ ಕೆಳಗೆ ಕಾಲಲ್ಲಿ ಒತ್ತುವ ಸ್ವಿಚ್ಚು. ಅವನ ಸಾಲಿನ ಸ್ಟೂಲಿನ ಮೇಲೆ ಅಕ್ಕ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು.

"ಏನಕ್ಕ, ಕುರ್ಚಿ ಬಿಟ್ಟು ಬಂದೆ?"

"ಬಡ್ತಿ ಕಣೋ. ಇಷ್ಟು ವರ್ಷ ತಿರುಗಿಸೋ ಕೆಲಸ, ಇನ್ಮೇಲೆ ಬರೀ ಕೇಳೋ ಕೆಲಸ. ನಡಿ, ಏಡಿ."

ಗಡಿಯಾರ ಗೋಡೆಯ ಮೇಲೇ ಇತ್ತು. ಅವನು ಅದನ್ನು ನೋಡಲಿಲ್ಲ. ಮೋಟಾರು ಗುಯ್ ಎಂದಿತು. ಓಡುವ ನೀರಿಗೆ ಕೈ ತಾಗಿಸಿದಂತೆ ಅಕ್ಕ ಎರಡು ಬೆರಳನ್ನು ಹುರಿಯ ಕೆಳಗೆ ಹಿಡಿದಳು. ಹತ್ತು ಹೆಜ್ಜೆ, ಐವತ್ತು, ನೂರು. ಪಕ್ಕದ ಸಾಲಿನವ ಯಾರಿಗೋ ಏನೋ ಕಿಚಾಯಿಸಿದ, ಯಾರೋ ನಕ್ಕರು. ನೂರ ಎಂಬತ್ತಕ್ಕೆ ಏಡಿ ಮೂರು ಸಲ ಜಗ್ಗಿದ. ಮೋಟಾರು ನಿಂತಿತು.

ಒಂದು ಉದ್ದ, ಎರಡು ಗಿಡ್ಡ.

ಸಾಸಿವೆಯಷ್ಟಾಗಿದ್ದ ಅಕ್ಕ ಅಲುಗಾಡಿದಂತೆ ಕಾಣಲಿಲ್ಲ. ಧೂಳು ಬಿಸಿಲಿನಲ್ಲಿ ತೇಲುತ್ತಿತ್ತು. ಆಮೇಲೆ ಬೆರಳ ಸಂದಿನಲ್ಲಿ, ಅಷ್ಟು ದೂರದಿಂದ, ಒಂದು ಚಿವುಟು ಬಂತು. ಸಂಜೆ ಭಾವಮೈದುನನಿಗೆ ಏನು ಹೇಳಬೇಕು ಅನ್ನುವುದು ಅವನಿಗೆ ಆಗ ಗೊತ್ತಾಯಿತು. ಒಂದು ಸಲ ಜಗ್ಗಿ, ಬೆನ್ನ ಹಿಂದೆ ಏನಿದೆಯೆಂದು ತಿರುಗಿ ನೋಡದೆ, ಉಳಿದ ಇಪ್ಪತ್ತು ಹೆಜ್ಜೆ ನಡೆದ.