ತಿರುಗುವ ಸೀಟು

ಟಕ್.

ನಿದ್ದೆಯ ಅಂಚಿನಲ್ಲಿದ್ದೆ. ಇನ್ನೊಂದು ಸಲ ಕೇಳಿದಾಗ ಪೂರ್ತಿ ಎಚ್ಚರವಾಯಿತು. ಪೆಟ್ಟಿಗೆಯ ಚಿಲಕ ತನ್ನ ಜಾಗಕ್ಕೆ ಬಿದ್ದಂಥ ಸಣ್ಣ ಸದ್ದು. ಅಡುಗೆಮನೆಯ ಆಚೆ, ಗ್ಯಾರೇಜಿನಿಂದ ಬರುತ್ತಿತ್ತು. ಪಕ್ಕದ ಹಾಸಿಗೆ ಮುಟ್ಟಿ ನೋಡಿದೆ. ತಣ್ಣಗಿತ್ತು.

ಸದ್ದುಗಳಿಗೆ ಹೆದರುವವಳು ನಾನು. ಮಾಡಿನಿಂದ ಹಿಮ ಜಾರುವುದು, ಒಲೆಯ ಗ್ಯಾಸ್ ಸುಯ್ಗುಡುವುದು, ಹೊತ್ತಲ್ಲದ ಹೊತ್ತಿನಲ್ಲಿ ಫೋನು ಬರುವುದು, ಎಲ್ಲಕ್ಕೂ ಎದೆ ಹೊಡೆದುಕೊಳ್ಳುತ್ತದೆ. ಗ್ಯಾರೇಜಿನ ಸದ್ದುಗಳು ಮಾತ್ರ ಇಷ್ಟು ವರ್ಷಗಳಲ್ಲಿ ಪಳಗಿಹೋಗಿದ್ದವು. ಅರ ಉಜ್ಜುವುದು, ಮರಳು ಚೀಲದ ಮೇಲಿಟ್ಟ ತಗಡಿಗೆ ಸುತ್ತಿಗೆ ಬೀಳುವುದು, ವೆಲ್ಡಿಂಗಿನ ಚರಚರ. ಇದು ಹೊಸದು. ಕೋಲು ಹಿಡಿದು, ಗೋಡೆ ಸವರುತ್ತ ಹೋಗಿ ಅಡುಗೆಮನೆಯ ಬಾಗಿಲ ಸಂದಿನಿಂದ ನೋಡಿದೆ.

ನನ್ನ ಗಂಡ ಯೊಹೇಯ್ ತಮ್ಮ ಎಡಗಾಲಿಗೆ ಮರದ ಪಟ್ಟಿಯೊಂದನ್ನು ಟವೆಲಿನಿಂದ ಬಿಗಿದುಕೊಂಡಿದ್ದರು, ಮಂಡಿ ಮಡಚದ ಹಾಗೆ. ಕಾರಿನ ಬಾಗಿಲು ತೆರೆದಿತ್ತು. ಒಳಗಿನ ಸೀಟು ರಸ್ತೆಗೆ ಮುಖ ಮಾಡುವ ಬದಲು ಬಾಗಿಲಿಗೆ ಮುಖ ಮಾಡಿ ನಿಂತಿತ್ತು. ಅದರ ಮೇಲೆ ಹಿಮ್ಮೊಗವಾಗಿ ಸರಿದು ಕೂತು, ಕಟ್ಟಿದ ಕಾಲನ್ನು ನೆಟ್ಟಗೆ ಚಾಚಿಕೊಂಡು ನಿಧಾನವಾಗಿ ತಿರುಗಿದರು. ಕಾಲು ಒಳಗೆ ಹೋಯಿತು. ಟಕ್. ಸೀಟು ನಿಂತಿತು. ಮತ್ತೆ ತಿರುಗಿ ಇಳಿದರು. ಎದ್ದು ನಿಂತಾಗ ಕೋಲಿಲ್ಲದೆ ತೂರಾಡಿ, ಕಾರಿನ ಮಾಡು ಹಿಡಿದುಕೊಂಡು, ಒಬ್ಬರೇ ನಕ್ಕರು.

ಆ ಮಡಚದ ಕಾಲು ನನ್ನದು. ಹಾಸಿಗೆಗೆ ಮರಳಿ, ಅವರು ಬಂದು ಮಲಗಿದಾಗ ನಿದ್ದೆ ಬಂದವಳಂತೆ ಉಸಿರಾಡಿದೆ.

ಮಂಜುಗಡ್ಡೆಯ ಮೇಲೆ ಬಿದ್ದು, ಮಂಡಿ ಒಡೆದು, ಕೀವಾಗಿ, ಕೊನೆಗೆ ಡಾಕ್ಟರು ತೊಡೆಯ ಮೂಳೆಯನ್ನೂ ಕಾಲಿನ ಮೂಳೆಯನ್ನೂ ನೆಟ್ಟಗೆ ಒಂದು ಮಾಡಿಬಿಟ್ಟಿದ್ದರು. ನಡೆಯಬಲ್ಲೆ, ಮಡಚಲಾರೆ. ಟ್ಯಾಕ್ಸಿಯಲ್ಲಿ ಹೋಗಬೇಕೆಂದರೆ ಹಿಂದಿನ ಸೀಟಿನುದ್ದಕ್ಕೂ ಕಾಲು ಚಾಚಿ, ಸಾಮಾನಿನ ಹಾಗೆ ಹೋಗಬೇಕು. ನಮ್ಮ ಹಳೆಯ ಕಾರಂತೂ ನೆಲಕ್ಕೆ ಅಂಟಿಕೊಂಡಂಥದು, ಎರಡೇ ಬಾಗಿಲು. ಮದುವೆಯಾದ ಹೊಸದರಲ್ಲಿ ಕೊಂಡದ್ದು. ನಮ್ಮ ಊರು ನಾಗಾಓಕದಲ್ಲಿ ಹಿಮ ಕರಗಲೆಂದು ಚಳಿಗಾಲವಿಡೀ ರಸ್ತೆಯ ನಡುವಿನಿಂದ ಕಬ್ಬಿಣದಂಶವಿರುವ ನೆಲದಡಿಯ ನೀರು ಚಿಮ್ಮಿಸುತ್ತಾರೆ. ರಸ್ತೆಗಳೇ ತುಕ್ಕಿನ ಬಣ್ಣಕ್ಕೆ ತಿರುಗಿವೆ, ಕಾರು ಯಾವ ಲೆಕ್ಕ. ಮಾವನವರ ಕೊಟ್ಟಿಗೆಯಲ್ಲಿ ಬಿದ್ದಿದ್ದ ಅದನ್ನು ಯೊಹೇಯ್ ಮನೆಗೆ ಎಳೆಸಿ ತಂದಾಗ ನೆಲದ ತೂತಿನಲ್ಲಿ ಬೆಕ್ಕು ಹೋಗಿಬರುತ್ತಿತ್ತು.

ಹನ್ನೊಂದು ವರ್ಷದಿಂದ ಅದನ್ನು ಸರಿಮಾಡುತ್ತಿದ್ದರು. ಅಕ್ಕಿ ಬಿಸ್ಕತ್ತಿನ ಕಾರ್ಖಾನೆಯಲ್ಲಿ ಯಂತ್ರ ರಿಪೇರಿಯ ಕೆಲಸ ಮಾಡಿ ನಿವೃತ್ತರಾದವರು. ಸಿಗದ ಭಾಗಗಳನ್ನು ತಾವೇ ಮಾಡುತ್ತಿದ್ದರು. ಬಿಸ್ಕತ್ತಿನ ರಟ್ಟಿನ ಡಬ್ಬಿ ಬಿಚ್ಚಿ ಅಚ್ಚು ಕತ್ತರಿಸುವುದು, ಅದನ್ನು ತಗಡಿನ ಮೇಲಿಟ್ಟು ಗೀರುವುದು, ಬಡಿದು ಬಾಗಿಸುವುದು. ಆಮೇಲೆ ಬೆರಳಿನಿಂದ ಸವರಿ, 'ಕೂದಲೆಳೆಯಷ್ಟು ಹೆಚ್ಚಾಯಿತು' ಎಂದು ಎಲ್ಲವನ್ನೂ ಕಿತ್ತು ಹಾಕುವುದು. ನೆಲವನ್ನೇ ಮೂರು ಸಲ ಹೀಗೆ ಕಿತ್ತರು. ಯಾರಾದರೂ 'ಇಲ್ಲಿ ಸ್ವಲ್ಪ...' ಎಂದು ಬಾಯಿ ತೆರೆದರೆ ಸಾಕು, ಕಾರು ಮತ್ತೆ ಮರದ ದಿಮ್ಮಿಗಳ ಮೇಲೇರುತ್ತಿತ್ತು.

ಅವರ ಗೆಳೆಯ ಮೊಗಿ, ತೊಫು ಅಂಗಡಿಯವರು, ಅಂಥದೇ ಕಾರು ಇಟ್ಟುಕೊಂಡವರು, ಹಿಮ ಕರಗುತ್ತಿದ್ದಾಗ ಒಂದು ದಿನ ಬಂದು ಕಿರುಚಿದ್ದು ನನಗೆ ಅಡುಗೆಮನೆಗೇ ಕೇಳಿಸಿತು.

"ಅಯ್ಯಯ್ಯೋ! ಸೀಟಿನ ಕಾಲು ಕತ್ತರಿಸಿಬಿಟ್ಯಾ? ಒರಿಜಿನಲ್ ಕಾಲು?"

"ಹೂಂ."

"ಇದರ ಬದಲು ನನ್ನ ಕಾಲು ಕತ್ತರಿಸಿದ್ರೂ ಸುಮ್ನಿರ್ತಿದ್ದೆ. ಅತ್ತಿಗೇ, ನೀವಾದ್ರೂ ಹೇಳಬಾರ್ದಾ? ಒಂದೊಂದು ಬೋಲ್ಟೂ ಅದರದ್ದೇ ಬೇಕು ಅಂತ ದೇಶವೆಲ್ಲ ಸುತ್ತಿದೋನು, ಈಗ ಹಲ್ಲು ಕೀಳೋ ಡಾಕ್ಟರ ಕುರ್ಚಿ ಕೂರಿಸ್ತಿದಾನೆ!"

"ಆ ಕುರ್ಚಿ ಮೇಲಕ್ಕೇಳತ್ತೆ. ಇದು ಬರೀ ತಿರುಗತ್ತೆ," ಎಂದರು ನನ್ನ ಗಂಡ.

"ಓಹೋ, ಭಾರೀ ವ್ಯತ್ಯಾಸ!"

ಯಾಕೆ ತಿರುಗಬೇಕು ಎಂದು ಮೊಗಿ ಕೇಳಲಿಲ್ಲ. ನನ್ನ ಕೋಲಿನ ಕಡೆ ಒಮ್ಮೆ ನೋಡಿ, ತಂದಿದ್ದ ಹುರಿದ ತೊಫುವನ್ನು ನನ್ನ ಕೈಗೆ ಕೊಟ್ಟು, "ಬಿಸಿ ಇದೆ, ಈಗ್ಲೇ ತಿನ್ನಿ" ಎಂದಷ್ಟೇ ಹೇಳಿದರು.

ಆಮೇಲೆ ಯೊಹೇಯ್ ನನ್ನ ಅಳತೆ ತೆಗೆದರು. ಚಾಪೆಯ ಕೋಣೆಯಲ್ಲಿ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಸೊಂಟದಿಂದ ಹಿಮ್ಮಡಿಯವರೆಗೆ ಉಕ್ಕಿನ ಪಟ್ಟಿ ಹಿಡಿದರು.

"ಅಲ್ಲಾಡಬೇಡ."

"ತಣ್ಣಗಿದೆ ರೀ. ಕಚಗುಳಿ ಬೇರೆ."

"ಕಾಲ್ಚೀಲದ ಮೇಲೆ ಎಂಥ ಕಚಗುಳಿ. ಮದುವೆ ಸೀರೆಯ ರವಿಕೆಗೆ ಅಳತೆ ಕೊಡೋಳ ಹಾಗೆ ಆಡ್ತೀಯ."

"ನಮ್ಮಲ್ಲಿ ಮದುವೆಗೆ ಸೀರೆ ಎಲ್ಲಿ ಉಡ್ತಾರೆ?"

"ಟೀವೀಲಿ ನೋಡಿದ್ದೆ. ಅಲ್ಲಾಡಬೇಡ."

ನನ್ನ ಕಾಲಿನಷ್ಟೇ ಉದ್ದದ ರಟ್ಟಿನ ಕಾಲೊಂದು ತಯಾರಾಯಿತು. ಅದಕ್ಕೆ 'ಮಿನೆ' ಎಂದು ನನ್ನ ಹೆಸರು ಬರೆದರು. ಪೂರ್ತಿ ಹೆಸರು ಮಿನೆಕೊ. ಇನ್ನೊಂದಕ್ಷರ ಹಿಡಿಸುವಷ್ಟು ಅಗಲವಿರಲಿಲ್ಲ. ಸೀಟು ತಿರುಗುವಾಗ ಚಾಚಿದ ಕಾಲು ಬಾಗಿಲಿನ ಮುಂದಿನ ಕಂಬಕ್ಕೆ ತಾಗದೆ ಹೊರಬರಬೇಕು, ಕಷ್ಟವಿದ್ದುದು ಅಲ್ಲಿ. ಸೀಟನ್ನು ಹಿಂದಕ್ಕೆ ಸರಿಸಿದರು. ನೆಲದ ತಗಡಿನಲ್ಲಿ ತಟ್ಟೆಯಗಲದ ತಗ್ಗು ಬಡಿದು, ಅದರೊಳಗೆ ತಿರುಗುವ ಬಿಲ್ಲೆ ಕೂರಿಸಿದರು. ಚಿಲಕವನ್ನು ದಪ್ಪ ತಗಡಿನಿಂದ ಅರ ಉಜ್ಜಿಯೇ ಮಾಡಿದರು. ಅಷ್ಟೆಲ್ಲ ಆದ ಮೇಲೆ ರಟ್ಟಿನ ಕಾಲು ಕಂಬವನ್ನು ಬೆರಳಷ್ಟು ದೂರದಿಂದ ದಾಟಿತು.

"ಇಷ್ಟೇ ಸಿಗೋದು," ಎಂದರು. "ಇನ್ನೊಂದು ಬೆರಳು ಬೇಕಂದ್ರೆ ನೆಲಾನೇ ಕಿತ್ತು ಮೊದಲಿಂದ ಮಾಡಬೇಕು." ಹೇಳುವಾಗ ಅವರ ಕಣ್ಣು ನೆಲದ ಮೇಲೇ ಇತ್ತು. ಕೀಳಲು ನೆಪ ಹುಡುಕುತ್ತಿರುವ ಕಣ್ಣು. ಆ ನೋಟ ನನಗೆ ಚೆನ್ನಾಗಿ ಗೊತ್ತು.

"ಬೇಡ," ಎಂದೆ. "ಸಾಕು. ಇದೇ ಬೇಸಿಗೆಗೆ ಆಗಬೇಕು."

ಅವರಿಗೂ ಗೊತ್ತಿತ್ತು. ಶರತ್ಕಾಲದಲ್ಲಿ ನನ್ನ ಬಲಗಾಲಿನ ಮಂಡಿಯ ಶಸ್ತ್ರಚಿಕಿತ್ಸೆ. ಎಡಗಾಲಿನ ಹಾಗೆಯೇ ಕೀವಾದರೆ ಏನು ಎಂದು ಕೇಳಿದ್ದಕ್ಕೆ ಡಾಕ್ಟರು, "ಹಾಗಾಗದಿರಲಿ ಅಂತ ನೋಡ್ಕೋತೀವಿ" ಎಂದಿದ್ದರು. ಮೂವತ್ತು ವರ್ಷ ಪತ್ರಿಕೆಯೊಂದರಲ್ಲಿ ಕರಡು ತಿದ್ದಿದವಳು ನಾನು. ಒಂದು ವಾಕ್ಯ ಏನನ್ನು ಹೇಳದೆ ಬಿಟ್ಟಿದೆ ಎಂಬುದು ನನಗೆ ತಿಳಿಯುತ್ತದೆ. ಈ ಬೇಸಿಗೆ ಕೈಯಲ್ಲಿತ್ತು. ಮುಂದಿನದು ಇರಲಿಲ್ಲ. ಆ ಕಾರಿನಲ್ಲಿ ಅವರ ಪಕ್ಕ ಕೂತು ಒಮ್ಮೆಯಾದರೂ ಊರ ಹೊರಗೆ ಹೋಗಬೇಕು. ನನಗೆ ಬೇಕಾಗಿದ್ದುದು ಅಷ್ಟೆ.

ರಾತ್ರಿ ಆ ಸದ್ದು ಕೇಳಿದ ಮರುದಿನ ನನ್ನನ್ನು ಕರೆದರು. ಅಡುಗೆಮನೆಯ ಮೆಟ್ಟಿಲಿನಿಂದ ಕಾರಿನವರೆಗೆ ಚಾಪೆ ಹಾಸಿದ್ದರು. ಕಾಲ್ಚೀಲದಲ್ಲೇ ನಡೆದು ಹೋಗಿ ಕೂತೆ, ತಿರುಗಿದೆ. ಕಾಲು ಕಂಬದ ಪಕ್ಕದಿಂದ ಮೀನಿನ ಹಾಗೆ ನುಸುಳಿ ಒಳಗೆ ಬಂತು. ಟಕ್. ಎದುರಿನ ಗಾಜಿನಾಚೆ ಗ್ಯಾರೇಜಿನ ಗೋಡೆ, ಅದಕ್ಕೆ ತೂಗುಹಾಕಿದ ರಟ್ಟಿನ ಅಚ್ಚುಗಳು. ಮತ್ತೆ ತಿರುಗಿದೆ, ಮತ್ತೆ ಬಂದೆ. ಸಾಕು ಮಾಡೇ ಎಂದು ಅವರೇ ಹೇಳುವವರೆಗೆ.

ಸರ್ಕಾರಿ ತಪಾಸಣೆಯವರು ಸೀಟಿನ ಬುಡವನ್ನು ಎಳೆದು, ಜಗ್ಗಿ, ಮಲಗಿ ನೋಡಿ ಒಪ್ಪಿಗೆ ಕೊಟ್ಟರು. ಮೇ ತಿಂಗಳ ಭಾನುವಾರ, ಶಿನಾನೊ ನದಿಯ ದಂಡೆಯಲ್ಲಿ ಹಳೆಯ ಕಾರುಗಳವರು ಸೇರುವ ದಿನ, ನಾವೂ ಹೊರಟೆವು. ಗ್ಯಾರೇಜಿನಲ್ಲಿ ನಾನು ಎಂದಿನಂತೆ ಚಾಪೆಯ ಮೇಲಿನಿಂದ ಹತ್ತಿ ಕೂತೆ. ಅವರು ಮಂಡಿಯೂರಿ, ಬಾಗಿಲಿನಿಂದ ಒಳಕ್ಕೆ ಬಗ್ಗಿ, ನನ್ನ ಶೂಗಳನ್ನು ತೊಡಿಸಿದರು.

"ಕಾರಿನೊಳಗೆ ಶೂ ಹಾಕ್ಕೊಂಡೇ ಕೂರೋದಾ?" ಎಂದೆ. ಮೊದಲೆಲ್ಲ ಈ ಕಾರಿಗೆ ಹತ್ತುವವರು ಚಪ್ಪಲಿ ಬಿಟ್ಟೇ ಹತ್ತಬೇಕಿತ್ತು. ನಮ್ಮ ತಮ್ಮನನ್ನೂ ಬಿಟ್ಟಿರಲಿಲ್ಲ.

"ನೀನು ಹಾಕ್ಕೋಬಹುದು. ರಬ್ಬರಿನ ಹಾಸು ಹಾಕಿದೀನಿ. ರಾಣಿ ಹಾಗೆ ಇಳಿ."

ಗದ್ದೆಗಳಿಗೆ ಆಗಷ್ಟೇ ನೀರು ಬಿಟ್ಟಿದ್ದರು. ಕಾರಿನ ನೆರಳು ನೀರಿನ ಮೇಲೆ ನಮ್ಮ ಜೊತೆ ಓಡುತ್ತಿತ್ತು. ಪೆಟ್ರೋಲಿನ ವಾಸನೆ, ಹೊಸ ಬಣ್ಣದ ವಾಸನೆ. ಗೇರು ಬದಲಿಸುವಾಗ ಅವರ ಮೊಣಕೈ ನನಗೆ ತಾಗುತ್ತಿತ್ತು.

"ಹೆದರಿಕೆನಾ?"

"ಇಲ್ಲ."

"ಸುಳ್ಳು."

"ಸ್ವಲ್ಪ."

"ನಂಗೂ," ಎಂದರು.

ದಂಡೆಯಲ್ಲಿ ಕಾರುಗಳ ಸಾಲು. ನಮ್ಮದನ್ನು ಕೊನೆಯಲ್ಲಿ ನಿಲ್ಲಿಸಿ, ನನ್ನ ಕಡೆಯ ಬಾಗಿಲು ಅಗಲ ತೆರೆದಿಟ್ಟು, ಅವರು ಹುಡುಗನಂತೆ ಹೇಳಿದರು: "ಈಗ್ಲೇ ಇಳೀಬೇಡ. ಎಲ್ರನ್ನೂ ಕರ್ಕೊಂಬರ್ತೀನಿ. ಆ ಮೊಗಿ ಮುಂದೇನೇ ಇಳೀಬೇಕು ನೀನು."

ಹೋದರು. ನಾನು ಕಾಯಬೇಕಿತ್ತು. ಆದರೆ ಜನರ ಮುಂದೆ ಎಡವಟ್ಟಾದರೆ ಎಂಬ ಆತಂಕ ಬಿಡಲಿಲ್ಲ. ಒಮ್ಮೆ ನೋಡಿಬಿಡೋಣ ಎಂದು ಚಿಲಕ ಎಳೆದು ತಿರುಗಿದೆ.

ಅರ್ಧಕ್ಕೆ ನಿಂತಿತು. ಶೂ ಕಂಬಕ್ಕೆ ಒತ್ತಿಕೊಂಡಿತ್ತು. ಹಿಂದೆ ಸರಿದು ಮತ್ತೆ ತಿರುಗಿದೆ. ಮತ್ತೆ ಅಲ್ಲೇ. ಏನೋ ಬಾಗಿದೆ, ಸೀಟು ಜಾರಿದೆ ಎಂದುಕೊಂಡೆ. ಆಮೇಲೆ ನನ್ನ ಪಾದದ ಕಡೆ ನೋಡಿದೆ, ತಿಳಿಯಿತು.

ಮೂಳೆ ಕೂಡಿಸಿದ ಮೇಲೆ ಎಡಗಾಲು ಗಿಡ್ಡವಾದದ್ದರಿಂದ ಆ ಶೂಗೆ ದಪ್ಪ ಅಟ್ಟೆ ಹಾಕಿಸಿದ್ದೆವು, ಬೆರಳಿಗಿಂತ ದಪ್ಪ. ಅವರು ನನ್ನ ಕಾಲನ್ನು ಅಳೆದದ್ದು ಮನೆಯೊಳಗೆ. ಮನೆಯೊಳಗೆ ಶೂ ಹಾಕುವುದುಂಟೇ? ರಟ್ಟಿನ ಕಾಲಿಗೆ ಶೂ ಇರಲಿಲ್ಲ. ಕಾಲಿಗೆ ಪಟ್ಟಿ ಬಿಗಿದುಕೊಂಡು ಏಳುತ್ತ ಕೂರುತ್ತ ಇದ್ದ ಅವರಿಗೂ ಇರಲಿಲ್ಲ. ಚಾಪೆಯ ಮೇಲೆ ನಡೆದುಹೋದ ನನಗೂ ಇರಲಿಲ್ಲ. ಬೆಳಿಗ್ಗೆ ಹತ್ತಿದ್ದೂ ಕಾಲ್ಚೀಲದಲ್ಲೇ. ಕೂದಲೆಳೆ ಬಿಡದ ಮನುಷ್ಯ ನನ್ನ ಅಟ್ಟೆಯನ್ನು ಬಿಟ್ಟಿದ್ದರು. ಕರಡು ತಿದ್ದುವವಳಾದ ನಾನೂ ನೋಡಿರಲಿಲ್ಲ.

ಅತ್ತ ಕಡೆಯಿಂದ ಮೊಗಿಯ ನಗು ಕೇಳಿಸಿತು. ಅವರೆಲ್ಲ ಬರುತ್ತಿದ್ದರು, ಮುಂದೆ ನನ್ನ ಗಂಡ, ಕೈ ಬೀಸಿ ಏನೋ ವಿವರಿಸುತ್ತ. ತಿರುಗುವ ಬಿಲ್ಲೆಯ ಬಗ್ಗೆಯೇ ಇರಬೇಕು, ಬೊಗಸೆಯನ್ನು ತಟ್ಟೆಯ ಹಾಗೆ ತಿರುಗಿಸುತ್ತಿದ್ದರು. ಇಷ್ಟು ಮಾತಾಡುವುದನ್ನು ನಾನು ನೋಡಿ ಎಷ್ಟು ಕಾಲವಾಗಿತ್ತೋ. ತಪ್ಪು ತಿಳಿದರೆ ಇಲ್ಲೇ, ಇವರೆಲ್ಲರ ಮುಂದೆಯೇ, ಅವರ ಕೈ ಕೆಳಗಿಳಿಯುತ್ತದೆ. ನಾಳೆ ಕಾರು ದಿಮ್ಮಿಗಳ ಮೇಲೆ. ನೆಲ ಕಿತ್ತು, ರಟ್ಟು ಕತ್ತರಿಸಿ, ಬಡಿದು, ಬೆರಳಿನಿಂದ ಸವರಿ. ಬೇಸಿಗೆ ಮುಗಿದಿರುತ್ತದೆ.

ಬಲಪಾದದ ತುದಿಯಿಂದ ಎಡ ಶೂವಿನ ಹಿಮ್ಮಡಿ ಒತ್ತಿ ಕಳಚಿದೆ. ಒಂದೇ ಬಿಟ್ಟರೆ ಯಾಕೆಂದು ಕೇಳುತ್ತಾರೆ; ಬಲದ್ದನ್ನೂ ಬಗ್ಗಿ ಬಿಚ್ಚಿದೆ. ಸೀಟನ್ನು ಮೊದಲಿನ ಹಾಗೆ ಮುಂದಕ್ಕೆ ತಿರುಗಿಸಿ, ಎರಡನ್ನೂ ಮಡಿಲಲ್ಲಿ ಜೋಡಿಸಿಕೊಂಡೆ. ಕಂಬದ ಹೊಸ ಬಣ್ಣದ ಮೇಲೆ ರಬ್ಬರಿನ ಕಪ್ಪು ಗೆರೆ ಬಿದ್ದಿತ್ತು. ಕರವಸ್ತ್ರಕ್ಕೆ ಎಂಜಲು ಹಚ್ಚಿ ಉಜ್ಜಿದೆ. ಹೋಯಿತು.

ಅವರು ಬಂದು ನಿಂತರು. ನಾನು ಚಿಲಕ ಎಳೆದೆ. ಕಾಲು ಸರಾಗವಾಗಿ ಹೊರಬಂತು. ಟಕ್. ಯಾರೋ ಚಪ್ಪಾಳೆ ತಟ್ಟಿದರು.

"ಶೂ ಯಾಕೆ ಬಿಚ್ಚಿದೆ?" ನನ್ನ ಗಂಡನ ಹುಬ್ಬು ಕೂಡಿತು. "ಹಾಕ್ಕೋಬಹುದು ಅಂದಿದ್ದೆನಲ್ಲ."

"ನಿಮ್ಮ ನೆಲ," ಎಂದೆ. "ಅಷ್ಟು ಕಷ್ಟಪಟ್ಟು ಮಾಡಿದ ನೆಲ. ಶೂ ಇಟ್ಕೊಂಡು ಕೂರಕ್ಕೆ ಮನಸ್ಸು ಬರಲಿಲ್ಲ ರೀ."

"ಕೇಳಿದ್ರೇನ್ರಪ್ಪಾ!" ಮೊಗಿ ಎಲ್ಲರ ಕಡೆ ತಿರುಗಿದರು. "ಕಾರಿನ ಮರ್ಯಾದೆ ಅಂದ್ರೆ ಇದು. ನಮ್ಮನೆಯವಳು ನನ್ನ ಕಾರಲ್ಲಿ ಈರುಳ್ಳಿ ಮೂಟೆ ತರ್ತಾಳೆ!"

ಯೊಹೇಯ್ ಅವರ ಕಿವಿ ಕೆಂಪಾಗಿತ್ತು. ಹುಲ್ಲಿನ ಮೇಲೆ ಮಂಡಿಯೂರಿ, ನನ್ನ ಮಡಿಲಿಂದ ಶೂ ತೆಗೆದುಕೊಂಡು, ಹೊರಗೆ ಚಾಚಿದ್ದ ಕಾಲಿಗೆ ತೊಡಿಸತೊಡಗಿದರು.

"ನೋಡಿ, ನೋಡಿ, ಹೆಂಡ್ತಿ ಕಾಲಿಗೆ ಬಿದ್ದ!" ಎಂದರು ಮೊಗಿ.

"ಬಿದ್ರೆ ನಿಂಗೇನು ನಷ್ಟ? ಆ ಕೋಲು ಕೊಡೋ."

ದಪ್ಪ ಅಟ್ಟೆಯ ಶೂ ಅವರ ಅಂಗೈಯಲ್ಲೇ ಇತ್ತು. ಒಂದು ಕ್ಷಣ ಅದನ್ನು ತಿರುಗಿಸಿ ನೋಡಿದರು. ಅಟ್ಟೆಗೆ ಅಂಟಿದ್ದ ಒಣ ಮಣ್ಣಿನ ಚೂರೊಂದನ್ನು ಉಗುರಿನಿಂದ ತೆಗೆದುಹಾಕಿ ಲೇಸು ಕಟ್ಟಿದರು.

ಬಿದಿರೆಲೆಯಲ್ಲಿ ಸುತ್ತಿದ ಸಿಹಿ ಉಂಡೆ ತಿಂದೆವು. ನದಿ ಹಿಮದ ನೀರು ತುಂಬಿ ಬೂದಿ ಬಣ್ಣದಲ್ಲಿ ಹರಿಯುತ್ತಿತ್ತು. ಜನ ಬಂದು ಬಂದು ಸೀಟನ್ನು ತಿರುಗಿಸಿ ನೋಡಿದರು, ಮೊಗಿಯಂತೂ ಕೂತು ಮಕ್ಕಳ ಹಾಗೆ ಸುತ್ತಿದರು. ಹೊರಡುವಾಗ ನಾನು ಕೇಳುವ ಮೊದಲೇ ಯೊಹೇಯ್ ಬಗ್ಗಿ ನನ್ನ ಶೂ ಬಿಚ್ಚಿ ಕೈಗೆ ಕೊಟ್ಟರು, ಇನ್ನು ಮುಂದೆ ಪದ್ಧತಿ ಹೀಗೆಯೇ ಎಂಬಂತೆ.

ದಂಡೆಯ ರಸ್ತೆಯಲ್ಲಿ ಸ್ವಲ್ಪ ದೂರ ಬಂದ ಮೇಲೆ ಕೇಳಿದರು:

"ನಿಜ ಹೇಳು. ಎಲ್ಲಾದ್ರೂ ಬಿಗಿ ಆಯ್ತಾ? ತಾಗ್ತಾ? ಹೇಳಿದ್ರೆ ನಾಳೇನೇ ಬಿಚ್ತೀನಿ."

ರಸ್ತೆಯ ಮೇಲಿಂದ ಕಣ್ಣು ತೆಗೆದು ನನ್ನ ಮುಖ ನೋಡಿದರು. ಆಸೆಯಿಂದಲೇ ನೋಡಿದರು. ಏನೂ ಇಲ್ಲ ಎಂದರೆ ನಂಬುವವರಲ್ಲ, ತಾವೇ ಹುಡುಕುತ್ತಾರೆ.

"ಬೆನ್ನಿನ ಹತ್ರ," ಎಂದೆ. "ಸೊಂಟಕ್ಕೆ ಒಂದು ಸಣ್ಣ ದಿಂಬು ಇದ್ದಿದ್ರೆ."

"ದಿಂಬು!" ಅವರು ಸ್ಟೀರಿಂಗ್ ತಟ್ಟಿದರು. "ನನಗೇ ಹೊಳೀಬೇಕಿತ್ತು. ಎಷ್ಟು ದಪ್ಪ? ಇಷ್ಟಾ? ಅಳತೆ ತಗೋಬೇಕು."

"ತಗೊಳ್ಳಿ. ಕಾರು ಬಿಚ್ಚೋದೇನು ಬೇಡವಲ್ಲ?"

"ದಿಂಬಿಗೆ ಯಾರಾದ್ರೂ ಕಾರು ಬಿಚ್ತಾರಾ? ಮುಂದಿನ ಭಾನುವಾರ ಸಮುದ್ರದ ಕಡೆ ಹೋಗೋಣ. ಅಷ್ಟರೊಳಗೆ ಆಗತ್ತೆ."

ಗದ್ದೆಗಳಲ್ಲಿ ಸಂಜೆಯ ಬೆಳಕು ಬಿದ್ದಿತ್ತು. ಅವರು ದಿಂಬಿನ ಬಟ್ಟೆಯ ಬಗ್ಗೆ, ಒಳಗೆ ತುಂಬುವುದರ ಬಗ್ಗೆ ಮಾತಾಡುತ್ತಲೇ ಇದ್ದರು. ರಾತ್ರಿ ಮಗಳು ಫೋನು ಮಾಡಿ ಹೇಗಾಯಿತೆಂದು ಕೇಳುತ್ತಾಳೆ. ಚೆನ್ನಾಗಾಯಿತು ಎನ್ನುತ್ತೇನೆ. ಅವಳಿಗೆ ಹೇಳಿದರೆ ಅಪ್ಪನಿಗೆ ಹೋಗುತ್ತದೆ. ಮೊಗಿಗೆ ಹೇಳಿದರೆ ಊರಿಗೇ. ಕಂಡ ತಪ್ಪನ್ನು ಹೇಳದೆ ಬಿಟ್ಟವಳಲ್ಲ ನಾನು. ಇದೊಂದನ್ನು ಯಾರಿಗೂ ಹೇಳುವುದಿಲ್ಲ ಎಂದು ಗೊತ್ತುಮಾಡಿಕೊಂಡು, ಅವರು ಮತ್ತೆ "ಇಷ್ಟು ದಪ್ಪ ಸಾಕಾ?" ಎಂದು ಎರಡು ಬೆರಳು ತೋರಿಸಿದಾಗ, "ಇನ್ನೊಂಚೂರು" ಎಂದೆ.