ಸೊನ್ನೆಯೂ ಒಂದು ವಯಸ್ಸು

"ಮಗೂಗೆ ಒಂದು ವರ್ಷ ಅಂತ ಹಾಕ್ಬಿಟ್ಟೆ ಕಣೇ, ಇನ್ನೇನ್ ಮಾಡ್ಲಿ? ಸೊನ್ನೆ ಹಾಕಿದ್ರೆ 'ವಯಸ್ಸು ತುಂಬಿ' ಅಂತ ಕೆಂಪಗೆ ಕಣ್ಣು ಬಿಡುತ್ತೆ ನಿನ್ನ ಫಾರಂ!"

ಫೋನಿನಲ್ಲಿ ಅಕ್ಕ. ಮಕ್ಕಳ ಆಸ್ಪತ್ರೆಯ ಚೀಟಿ ಕೌಂಟರಿನಲ್ಲಿ ಅವಳ ಕೆಲಸ. ಬಟ್ಟೆಯಂಗಡಿ ಬಿಟ್ಟು ಕೋಡ್ ಬರೆಯಲು ಸೇರಿ ಇನ್ನೂ ಖಾಯಂ ಆಗದ ತಂಗಿ ಕುಳಿತಲ್ಲೇ ಬೆವರಿದಳು. ಡಾಕ್ಟರು ಔಷಧಿಯ ಅಳತೆ ಬರೆಯುವುದು ಆ ಫಾರಮ್ಮಿನ ವಯಸ್ಸು ನೋಡಿಯೇ.

"ಅಕ್ಕಾ, ಮೊದಲು ಡಾಕ್ಟರ ಹತ್ರ ಓಡು. ಹಸಿಗೂಸು ಅಂತ ಬಾಯಲ್ಲೇ ಹೇಳು. ಫೋನ್ ಇಡಬೇಡ."

ಕೋಡ್ ತೆರೆದರೆ ತಾನು ಬರೆದದ್ದೇ ಅಲ್ಲಿರಲಿಲ್ಲ. ಯಾರು ಓದಿದರೂ ತಿಳಿಯಲಿ ಎಂದು ಬಿಡಿಸಿ ಬರೆದಿದ್ದ ಸಾಲುಗಳನ್ನೆಲ್ಲ ಹಿರಿಯ ಪ್ರೋಗ್ರಾಮರ್ ಹಿಂಡಿ ಒಂದು ಸಾಲು ಮಾಡಿಟ್ಟಿದ್ದ. ಬೆನ್ನ ಹಿಂದೆ ಅವನಿಗೆ ಒಂದೇ ಸಾಲಪ್ಪ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಸಾಲೇನೋ ಚೆಂದವಿತ್ತು. ಆದರೆ ಅದರ ಲೆಕ್ಕದಲ್ಲಿ ಖಾಲಿ ಬಿಟ್ಟದ್ದೂ ಸೊನ್ನೆ ಬರೆದದ್ದೂ ಒಂದೇ. ಅವಳು ಅದನ್ನು ಅಳಿಸಿ ತನ್ನ ಸಾಲುಗಳನ್ನು ಮತ್ತೆ ಬರೆಯತೊಡಗಿದಳು.

"ಏನಮ್ಮಾ, ನಾನು ತಿದ್ದಿದ್ದನ್ನೇ ತಿದ್ತಿದ್ದೀಯಾ?" ಒಂದೇ ಸಾಲಪ್ಪ ಕುರ್ಚಿಯ ಹಿಂದೆ ಬಂದು ನಿಂತಿದ್ದ.

"ಹೌದು ಸರ್. ಹಸಿಗೂಸಿನ ವಯಸ್ಸು ಸೊನ್ನೆ. ನಿಮ್ಮ ಸಾಲು ಅದನ್ನ ಒಳಗೇ ಬಿಡ್ತಿಲ್ಲ."

ಅವನ ಮುಖ ಸ್ವಲ್ಪ ಇಳಿಯಿತು. ಜಂಬ ಇಳಿಯಲಿಲ್ಲ. "ಸರಿ, ಅದೇ ಸಾಲಿಗೊಂದು ತೇಪೆ ಹಾಕು. ಈ ಪುರಾಣ ಬೇಡ. ಒಳ್ಳೆ ಒಂದನೇ ಕ್ಲಾಸಿನ ಪಾಠ ಇದ್ದಂಗಿದೆ."

"ಇರಲಿ ಬಿಡಿ. ನಿಮ್ಮ ಸಾಲು ಯಾರಿಗೂ ಓದೋಕಾಗ್ಲಿಲ್ಲ, ಅದಕ್ಕೇ ತಪ್ಪು ಯಾರ ಕಣ್ಣಿಗೂ ಬೀಳ್ಲಿಲ್ಲ."

"ನಿನ್ನ ಖಾಯಂ ಮಾಡೋ ಕಾಗದಕ್ಕೆ ಸಹಿ ಹಾಕೋನು ನಾನು. ನೆನಪಿರಲಿ."

ಮತ್ತೆ ಬಟ್ಟೆಯಂಗಡಿ, ಮತ್ತೆ ಅದೇ ಸೀರೆ ಬಿಚ್ಚಿ ಮಡಿಸುವ ಕೆಲಸ. ಅವಳಿಗೆ ಹೆದರಿಕೆಯಾಯಿತು, ಮೈಯೂ ಉರಿಯಿತು. ಉರಿಯೇ ಗೆದ್ದಿತು.

"ಹಾಕ್ಬೇಡಿ ಸರ್," ಎಂದವಳೇ ಗುಂಡಿ ಒತ್ತಿದಳು. ಅವಳ ಸಾಲುಗಳು ಆಸ್ಪತ್ರೆಗೆ ಹೋದವು. ಒಂದೇ ಸಾಲಪ್ಪ ಧುಮುಗುಟ್ಟುತ್ತ ಮ್ಯಾನೇಜರರ ಕೋಣೆಯತ್ತ ನಡೆದ.

ಮೇಜಿನ ಮೇಲಿದ್ದ ಫೋನಿನಲ್ಲಿ ಅಕ್ಕನ ಏದುಸಿರು ಕೇಳಿಸಿತು. "ಡಾಕ್ಟರು ಸರಿಮಾಡ್ಕೊಂಡ್ರು ಕಣೇ, ಔಷಧಿ ಇನ್ನೂ ಕೊಟ್ಟಿರ್ಲಿಲ್ಲ." ಫೋನ್ ಇಡುವುದನ್ನು ಮರೆತು ಅಕ್ಕ ಕೌಂಟರಿನಲ್ಲಿ ಮುಂದಿನವರನ್ನು ಕರೆದಳು.

"ಮಗೂಗೆಷ್ಟು ವಯಸ್ಸಮ್ಮಾ?"

"ನಿನ್ನೆ ಹುಟ್ಟಿದ್ದು," ಎಂದಿತು ದಣಿದ ದನಿಯೊಂದು.

ಕೀಲಿಯೊಂದನ್ನು ಒತ್ತಿದ ಸದ್ದು. ಆಮೇಲೆ ಚೀಟಿ ಅಚ್ಚಾಗಿ ಹೊರಬರುವ ಸದ್ದು.