ಬಿಳಿ ಹಡಗಿನ ತಳದ ಕೈಪಂಪು

ನಾನು ಒಂದು ಕೈಪಂಪು. ಹಡಗಿನ ತಳದಲ್ಲಿ ಒಸರುವ ನೀರನ್ನು ಎಳೆದು ಹೊರಗೆ ಚೆಲ್ಲುವುದು ನನ್ನ ಕೆಲಸ. ಮುಂಬಯಿಯ ಒಂದು ಎರಕದ ಕಾರ್ಖಾನೆಯಲ್ಲಿ ಕಂಚು ಕರಗಿಸಿ ನನ್ನ ಮೈ ಎರೆದರು, ಹೊಟ್ಟೆಯೊಳಗೆ ಚರ್ಮದ ವಾಶರು ಕೂರಿಸಿದರು, ಉದ್ದನೆಯ ಮರದ ಹಿಡಿ ಜೋಡಿಸಿದರು. ಅಲ್ಲಿಂದ ನೇರವಾಗಿ ಒಬ್ಬ ಗಿರಣಿ ಮಾಲೀಕರ ವಿಹಾರನೌಕೆಗೆ ಬಂದೆ.

ಹಾಲಿನಂಥ ಬಿಳಿ ಹಡಗು ಅದು. ಮೇಲೆ ರತ್ನಗಂಬಳಿ, ಪಿಯಾನೊ, ಬೆಳ್ಳಿ ತಟ್ಟೆಗಳೆಲ್ಲ ಇದ್ದುವಂತೆ. ನನಗೆ ಗೊತ್ತಿದ್ದುದು ತಲೆಯ ಮೇಲೆ ಕುಣಿಯುವ ಕಾಲುಗಳ ಸದ್ದು, ಮತ್ತೆ ಹೆರಿಯನ ಅಂಗೈ. ಹೆರಿಯ ಹಡಗಿನ ಖಲಾಸಿ, ಕುಂದಾಪುರದ ಕಡೆಯ ಮೊಗವೀರ. ನೀರೆತ್ತಲು ಬೇರೆ ಯಂತ್ರವಿತ್ತು. ಅದು ಕೆಟ್ಟರೆ ಇರಲಿ ಎಂದು ನಾನು. ಆದರೂ ವಾರಕ್ಕೊಮ್ಮೆ ಅವನು ಇಳಿದು ಬಂದು ನನಗೆ ಎಣ್ಣೆ ಹಾಕಿ ಹೋಗುತ್ತಿದ್ದ.

ಯುದ್ಧ ಬಂತು. ಸರ್ಕಾರ ಹಡಗನ್ನು ನೌಕಾದಳಕ್ಕೆ ತೆಗೆದುಕೊಂಡಿತು. ಬಿಳಿಯ ಮೇಲೆ ಬೂದಿ ಬಣ್ಣ ಬಳಿದರು, ಪಿಯಾನೊ ಇಳಿಸಿದರು, ಮೂತಿಯ ಮೇಲೆ ಫಿರಂಗಿ ಏರಿಸಿದರು. ಹೆರಿಯ ಹಡಗಿನ ಜತೆಗೇ ನೌಕಾದಳ ಸೇರಿದ; ತಂಗಿ ಮುತ್ತುವಿನ ಗಂಡ ಬಚ್ಚನನ್ನೂ ಕರೆತಂದ. ಬಿಸಿಲಲ್ಲಿ ತೇಲಲು ಕಟ್ಟಿದ ಹಡಗು ಇಷ್ಟು ಭಾರ ತಡೆಯದು ಎಂದು ಹೆರಿಯ ಕಮಾಂಡರಿಗೆ ಎರಡು ಸಲ ಹೇಳಿದನಂತೆ. ಗೊತ್ತು, ಆದರೆ ಮೇಲಿನ ಆಜ್ಞೆ ಎಂದರಂತೆ ಅವರು.

ಆ ಜೂನಿನಲ್ಲಿ ಸರಕು ಹಡಗುಗಳಿಗೆ ಕಾವಲಾಗಿ ಹೊರಟೆವು. ಎರಡನೆಯ ದಿನ ಗಾಳಿ ಎದ್ದಿತು. ಒಂದೊಂದು ಅಲೆಗೂ ಫಿರಂಗಿಯ ಭಾರ ಹಡಗಿನ ಮೂತಿಯನ್ನು ನೀರಿಗೆ ಅದುಮಿತು. ಹಲಗೆಗಳ ಸಂದು ಬಿಟ್ಟುಕೊಂಡಿತು. ಮಧ್ಯಾಹ್ನಕ್ಕೆ ಎಂಜಿನ್ ಮುಳುಗಿತು, ಯಂತ್ರದ ಪಂಪು ಸತ್ತಿತು. ಮೂವತ್ತೊಂದು ಜನರಿಗೆ ಉಳಿದವನು ನಾನೊಬ್ಬ.

ಇಬ್ಬಿಬ್ಬರಾಗಿ ನನ್ನ ಹಿಡಿ ಜಗ್ಗಿ ಒತ್ತಿದರು. ಅಂಗೈಗಳಲ್ಲಿ ಬೊಕ್ಕೆಗಳೆದ್ದು ಒಡೆದವು. ಮರುದಿನ ಬೆಳಿಗ್ಗೆ ನನ್ನ ವಾಶರು ಹರಿಯಿತು. ನೀರು ಹೆರಿಯನ ತೊಡೆ ಮುಟ್ಟುವಷ್ಟರಲ್ಲಿ ಅವನು ಬೂಟಿನ ಚರ್ಮ ಕೊಯ್ದು ನನ್ನೊಳಗೆ ತುರುಕಿದ. ಎದೆಯುರಿದರೂ ನಾನು ಮತ್ತೆ ಎಳೆದೆ. ಆದರೆ ಒಳಬರುವ ನೀರೇ ಹೆಚ್ಚು.

ಫಿರಂಗಿಯನ್ನೇ ಕಡಲಿಗೆ ಬಿಡಬೇಕೆಂದು ಕಮಾಂಡರ್ ಕೊನೆಗೆ ಒಪ್ಪಿದರು. ಅದರ ನಟ್ಟುಗಳು ಇದ್ದುದು ಕೆಳಗೆ, ಮೂತಿಯ ಇಕ್ಕಟ್ಟು ಕೋಣೆಯಲ್ಲಿ. ಅಲ್ಲಿ ನುಸುಳಬಲ್ಲ ಸಣಕಲು ಆಳು ಬಚ್ಚನೊಬ್ಬನೇ. ಸ್ಪ್ಯಾನರ್ ಹಿಡಿದು ಹೊರಟವನು ನನ್ನ ಹತ್ತಿರ ನಿಂತ.

"ಭಾವ, ಪಂಪ್ ಮಾತ್ರ ನಿಲ್ಸ್‌ಬೇಡಿ. ನಿಲ್ಸಿರೆ ಅಲ್ಲಿ ನೀರ್ ಏರತ್ತ್. ನಾನ್ ಹೋಯ್ ಬತ್ತೆ."

ಉಳಿದವರೆಲ್ಲ ಫಿರಂಗಿ ನೂಕಲು ಮೇಲೆ ಹೋದರು. ಹೆರಿಯ ಒಬ್ಬನೇ ಇಬ್ಬರ ಕೆಲಸ ಮಾಡಿದ. ನಟ್ಟುಗಳು ಕಳಚಿದವು; ಹಡಗಿನ ಒಂದು ಹೊರಳಿಗೆ ಫಿರಂಗಿ ಕಡಲಿಗೆ ಜಾರಿತು, ಹಡಗು ಮೂತಿ ಎತ್ತಿತು, ಮೇಲೆ ಕೇಕೆ ಎದ್ದಿತು. ಅದೇ ಜಗ್ಗಿಗೆ ಬಚ್ಚನಿದ್ದ ಕೋಣೆಯ ಚೌಕಟ್ಟು ತಿರುಚಿ ಬಾಗಿಲು ಕಚ್ಚಿಕೊಂಡಿತು.

ನನ್ನ ಕೊಳವೆ ಆ ಕೋಣೆಯವರೆಗೂ ಹೋಗುತ್ತದೆ. ಬಚ್ಚ ಅದನ್ನು ಸ್ಪ್ಯಾನರಿನಿಂದ ಬಡಿದ. ಮೊದಲು ಬಿರುಸಾಗಿ, ಆಮೇಲೆ ಬಿಟ್ಟುಬಿಟ್ಟು. ನನ್ನ ಮೈಯೆಲ್ಲ ನಡುಗಿತು. ಹೆರಿಯ ಒಂದು ಗಳಿಗೆ ಕೈ ತಡೆದಿದ್ದರೆ ಕೇಳುತ್ತಿತ್ತು. ಆದರೆ ನನ್ನ ಖಡಖಡ ಸದ್ದಿನಲ್ಲಿ ಬೇರೆ ಯಾವುದೂ ಕೇಳುವಂತಿರಲಿಲ್ಲ. ಬಚ್ಚ ಉಳಿಯಲೆಂದೇ ಅವನು ಹಲ್ಲು ಕಚ್ಚಿ ಹಿಡಿ ಒತ್ತುತ್ತಿದ್ದ. ನಾನು ಸಿಕ್ಕಿಕೊಂಡು ನಿಲ್ಲಲು ನೋಡಿದೆ. ಅವನ ತೋಳು ಬಿಡಲಿಲ್ಲ.

ಬಚ್ಚನೆಲ್ಲಿ ಎಂದು ಹುಡುಕಿ ಬಂದವರು ಕೊಡಲಿಯಿಂದ ಬಾಗಿಲು ಒಡೆದಾಗ ಕೋಣೆಯಲ್ಲಿ ಮಾಡಿನವರೆಗೂ ನೀರು ತುಂಬಿತ್ತು. ಹೆರಿಯನ ಬೆರಳುಗಳನ್ನು ನನ್ನ ಹಿಡಿಯಿಂದ ಒಂದೊಂದಾಗಿ ಬಿಡಿಸಬೇಕಾಯಿತು.

ಮೂವತ್ತು ಜನ ದಡ ಸೇರಿದರು. ಯುದ್ಧ ಮುಗಿಯುವವರೆಗೆ ಹೆರಿಯ ಒಮ್ಮೆಯೂ ಊರಿಗೆ ಹೋಗಲಿಲ್ಲ. ಹಡಗನ್ನು ಒಡೆಯಲು ನಿಲ್ಲಿಸಿದಾಗ ಮುತ್ತುವೇ ಮುಂಬಯಿಗೆ ಬಂದು, ಗಂಡ ಹೋದ ಜಾಗ ತೋರಿಸು ಎಂದಳು. ಅಣ್ಣ ತಂಗಿ ಕೆಳಗಿಳಿದರು. ಆ ಗಿಡ್ಡ ಬಾಗಿಲನ್ನು ಅವಳು ಬಹಳ ಹೊತ್ತು ನೋಡಿದಳು.

"ಅಣ್ಣ, ಅವ್ರ್ ಕರ್ದ್ರಾ?"

"ಇಲ್ಲ ಮುತ್ತು. ನಾನ್ ಇಲ್ಲೇ ಇದ್ದೆ. ಎಂತದೂ ಕೇಣ್ಲಿಲ್ಲ."

ಅವಳು ಉಸಿರು ಬಿಟ್ಟಳು. ಹಾಗಾದರೆ ಬೇಗ ಹೋಗಿರಬೇಕು, ಕಷ್ಟಪಟ್ಟಿರಲಿಕ್ಕಿಲ್ಲ ಎಂದು ತನಗೇ ಹೇಳಿಕೊಂಡಳು. ಅಣ್ಣನ ಕೈ ಹಿಡಿದಳು. ಅವನು ಆಗ ಅತ್ತ, ಇಷ್ಟು ವರ್ಷಕ್ಕೆ ಮೊದಲ ಸಲ. ಅದೇ ವಾರ ಇಬ್ಬರೂ ಊರಿಗೆ ಹೊರಟರು ಎಂದು ಕೇಳಿದೆ.

ಈಗ ನಾನು ಗುಜರಿ ಅಂಗಡಿಯ ಮೂಲೆಯಲ್ಲಿ ಹಸಿರುಗಟ್ಟಿ ಬಿದ್ದಿದ್ದೇನೆ. ಮನುಷ್ಯರಂತೆ ನನಗೂ ಬಾಯಿ ಇದ್ದಿದ್ದರೆ ಎಂದು ಎಷ್ಟೋ ಸಲ ಹಲುಬಿದ್ದುಂಟು. ಆ ದಿನ ಮಾತ್ರ, ಅವಳು ಅಣ್ಣನ ಕೈ ಹಿಡಿದಾಗ, ಬಾಯಿ ಇಲ್ಲದ್ದೇ ಒಳ್ಳೆಯದಾಯಿತು ಎನ್ನಿಸಿತು.